ಮೂರರ ಜೊತೆಗೊಂದು ಕಲ್ಲು

ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ಶಾಲೆಯಲ್ಲಿ ಯಾವ ಸಂಖ್ಯೆಗೂ ಅನ್ಯಾಯ ಆಗದಂತೆ ನೋಡಿಕೊಳ್ಳುತ್ತೇನೆ. ಆದರೆ ಹಾರನಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಮೂರಕ್ಕೆ ದಿನ ಬೆಳಗಾದರೆ ಅವಮಾನ. ಮಾಡುವವಳು ನಮ್ಮವ್ವ.

ರೊಟ್ಟಿ

ಮೂರು ಬೆಸ ಸಂಖ್ಯೆ, ಅದನ್ನು ಎರಡು ಸಮಪಾಲು ಮಾಡಲಾಗದು ಅಂತ ಪಾಠ ಮಾಡಿ ಬಂದು ಊಟಕ್ಕೆ ಕೂತೆ. ಅವ್ವ ಮೂರು ಅಕ್ಕಿರೊಟ್ಟಿ ಹಾಕಿ, ತಕ್ಷಣ ಮೇಲಿನದನ್ನು ಮುರಿದಳು.

"ಮೂರು ಹಾಕ್ಬಾರ್ದು ಕಣಪ್ಪ."

"ಮುರಿದರೂ ಅದು ಮೂರೇ ಅಲ್ವೇನವ್ವ?"

"ಅದು ನಿನ್ ಇಸ್ಕೂಲ್ನಲ್ಲಿ. ತಟ್ಟೇಲಿ ನಾಕು. ತಿನ್ನು."

ಒಲೆ

ನಾನೂ ಬಿಡಲಿಲ್ಲ. "ಮೂರು ಅಷ್ಟು ಕೆಟ್ಟದ್ದಾದ್ರೆ ಹಿತ್ತಲ ಒಲೆಗೆ ಯಾಕೆ ಮೂರೇ ಕಲ್ಲು?"

"ನಾಕಿಟ್ರೆ ಹಂಡೆ ಅಲ್ಲಾಡ್ತದೆ."

ಸಿಕ್ಕಿಬಿದ್ದಳು! ಮೂರು ಬಿಂದು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ, ಮೂರರಷ್ಟು ಭದ್ರ ಬೇರೆ ಇಲ್ಲ ಅಂತ ವಿವರಿಸಿದೆ. ಅವ್ವ ಒಲೆ ಊದುತ್ತಲೇ ಅಂದಳು: "ಮೂರ್ ಜನ ಓಗ್ಬಾರ್ದು ಅನ್ನೋದು ಮನುಸ್ರಿಗೆ ಕಣ್ಲಾ. ಕಲ್ಲೇನು ಹೆಣ್ ನೋಡಾಕ್ ಓಯ್ತದಾ?"

ಹೆಣ್ಣು

ಹೋಯಿತು. ನನ್ನ ತಮ್ಮ ಹೊಗೆಸೊಪ್ಪು ಬೆಳೆಯುವವನು, ಬಂಗಾರದಂಥ ಹುಡುಗ. ಆದರೆ ಹೆಣ್ಣಿನ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ನೋಡಿದ ಹುಡುಗಿಯರೆಲ್ಲ ಒಲ್ಲೆ ಅಂದಿದ್ದರು. ಅವ್ವ ಒಳಗೊಳಗೇ ಕೊರಗುತ್ತಿದ್ದಳು, ನನಗೂ ಸಂಕಟ.

ಹಂಪಾಪುರದ ಕಡೆ ಒಂದು ಸಂಬಂಧ ಬಂತು. ನಾಲ್ಕು ಜನ ಬರುತ್ತೇವೆ ಅಂತ ಫೋನ್ ಮಾಡಿದ್ದೆವು. ಹೊರಡುವಾಗ ನನ್ನ ಹೆಂಡತಿಗೆ ಜ್ವರ. ಉಳಿದದ್ದು ಮೂರು ಜನ. ಅವ್ವ ಹಿತ್ತಲಿಗೆ ಹೋಗಿ ಒಂದು ಕಲ್ಲು ತಂದು ನನ್ನ ಜೇಬಿಗಿಟ್ಟಳು. "ಇದು ನಾಕನೇದು. ಮಾತಾಡ್ಬ್ಯಾಡ, ನಡಿ." ತಮ್ಮನ ಮುಖ ನೋಡಿ ಕಾರು ಹತ್ತಿದೆ.

ಹುಡುಗಿ ಕಾಫಿ ತಂದಳು. ಲೋಟ ತೆಗೆದುಕೊಳ್ಳಲು ಬಗ್ಗಿದೆ. ಕಲ್ಲು ಜಾರಿ ಧೊಪ್ಪನೆ ಬಿದ್ದು, ಉರುಳಿ ತಮ್ಮನ ಪಕ್ಕದಲ್ಲೇ ನಿಂತಿತು.

ಹುಡುಗಿಯ ತಂದೆ ಕಲ್ಲನ್ನೇ ನೋಡಿದರು. ಅವ್ವನ ಮುಖದಲ್ಲಿ ರಕ್ತವಿಲ್ಲ. ಈ ಸಂಬಂಧವೂ ಹೋಯಿತು ಅಂದುಕೊಂಡೆ.

ಹುಡುಗಿ ತಟ್ಟೆಯಲ್ಲಿ ಉಳಿದಿದ್ದ ನಾಲ್ಕನೇ ಲೋಟ ನೋಡಿದಳು, ಕಲ್ಲು ನೋಡಿದಳು, ಪಕ್ಕದಲ್ಲಿ ಅದಕ್ಕಿಂತ ಗಟ್ಟಿಯಾಗಿ ಕೂತಿದ್ದ ತಮ್ಮನನ್ನು ನೋಡಿದಳು. "ಇವರಿಬ್ಬರಲ್ಲಿ ಗಂಡು ಯಾರು?"

ತಮ್ಮ ಮೊದಲ ಸಲ ಬಾಯಿ ಬಿಟ್ಟ. "ನಾನೇ ಕಣ್ರೀ! ಅವ್ರು ಕಾಫಿ ಕುಡಿಯಾಕಿಲ್ಲ, ಬುಡಿ."

ಹುಡುಗಿ ನಕ್ಕಳು. ಅವರಪ್ಪ ನಕ್ಕರು. ಎದ್ದು ಹೊರಡುವ ಹೊತ್ತಿಗೆ ಒಪ್ಪಿಗೆಯೂ ಆಯಿತು.

ಕಾರು ಹತ್ತುವಾಗ ಮೂರರ ಪರವಾಗಿ ಏನೋ ಹೇಳಲು ಬಾಯಿ ತೆರೆದೆ. ಅವ್ವ ಕಲ್ಲಿನ ಧೂಳೊರೆಸಿ ಮುಂದಿನ ಸೀಟಿನಲ್ಲಿಟ್ಟಳು. "ನೀನು ಇಂದ್ಕೆ ಕೂತ್ಕೊ. ಮದ್ವೆ ಕುದುರ್ಸಿದ್ದು ಅದು."