ರಣಭೈರವನೂ ಹುರುಳಿ ಬಳ್ಳಿಯೂ

ಮಿಲಿಟರಿಯವರು ಹರಾಜಿಗೆ ಹಾಕಿದ ಹಳೆಯ ಜೀಪೊಂದನ್ನು ಕೊಳ್ಳಬೇಕೆಂಬುದು ನನ್ನ ಬಹುದಿನದ ಆಸೆ. ಕಂಪ್ಲಿಯಲ್ಲಿ ರೈಸ್ ಮಿಲ್ ಇಟ್ಟುಕೊಂಡವನಿಗೆ ಯುದ್ಧದ ಗಾಡಿ ಯಾಕೆ ಎಂಬುದು ನನ್ನ ಹೆಂಡತಿ ಗಂಗಾಂಬಿಕಾಳ ಪ್ರಶ್ನೆ. (ಆಸೆಗೆಲ್ಲ ಕಾರಣ ಕೊಡಲಾದೀತೆ?)

ಕೊನೆಗೆ ಈ ವ್ಯಾಜ್ಯ ತೀರ್ಮಾನವಾದದ್ದು ಮಗಳು ಅಂಜಲಿ ಕಾಲೇಜಿನಲ್ಲಿ ಕಲಿತು ಬಂದ ಒಂದು ಆಟದಲ್ಲಿ. ಸುತ್ತ ಕುಳಿತು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆ ಕಟ್ಟುವುದು, ಅನುಮಾನ ಬಂದಲ್ಲಿ ದಾಳ ಉರುಳಿಸುವುದು. ಕಾಲ ಮಾತ್ರ ನೂರು ವರ್ಷ ಮುಂದಿನದು; ಜನಕ್ಕೆಲ್ಲ ಉಕ್ಕಿನ ಕೈ, ತಲೆಯೊಳಗೆ ವೈರು. ಗಂಗಾಂಬಿಕಾ ಹೊಸಪೇಟೆಯ ದೊಡ್ಡ ಕಂಪನಿಯ ಗುಟ್ಟು ಕದ್ದು, ಕಂಪ್ಲಿ ಮೇಲಿಂದ ಬಳ್ಳಾರಿಗೆ ಓಡುವ ಕಳ್ಳಿ. ನಾನು ಬೆನ್ನಟ್ಟುವ ಪೊಲೀಸ್ ಸಾಹೇಬ. ನ್ಯಾಯ ಹೇಳುವವಳು ಅಂಜಲಿ. ನಾನು ಗೆದ್ದರೆ ಜೀಪು. ಸೋತರೆ ಈ ಜನ್ಮದಲ್ಲಿ ಅದರ ಹೆಸರೆತ್ತುವಂತಿಲ್ಲ.

ಆ ಕಾಲದ ಪೊಲೀಸರಿಗೆ ಮಿಲಿಟರಿಯ ಕವಚದ ಗಾಡಿ ಕೊಟ್ಟಿದ್ದಾರೆ. ಅದೆಂಥ ಗಾಡಿ ಅಂತೀರಿ! ಎಂಟು ಚಕ್ರ, ಗೇಣುದಪ್ಪ ಉಕ್ಕಿನ ಮೈ, ಬಾಂಬಿಗೂ ಜಗ್ಗದು, ತುಂಬಿದ ತುಂಗಭದ್ರೆಯನ್ನೂ ಈಜಿ ದಾಟುವುದು. ನಾನದಕ್ಕೆ ರಣಭೈರವ ಎಂದು ನಾಮಕರಣ ಮಾಡಿ, ಮನಸ್ಸಿನಲ್ಲೇ ಮುಂದುಗಡೆ ನಿಂಬೆಹಣ್ಣು ಕಟ್ಟಿ ಹೊರಟೆ. ಕಳ್ಳಿಯ ಗುಂಡು, ರಾಕೆಟ್ಟು ಎಲ್ಲ ಖಾಲಿಯಾದವು. ಎಮ್ಮಿಗನೂರಿನ ಹತ್ತಿರ ಅವಳ ಬೆನ್ನಿಗೇ ಬಂದುಬಿಟ್ಟೆ. ನನ್ನ ಕಣ್ಣಿಗೆ ಜೀಪು ಆಗಲೇ ಮನೆ ಮುಂದೆ ನಿಂತಿತ್ತು.

"ನಾ ರಸ್ತಿ ಮ್ಯಾಲ ಹುರುಳಿ ಹರವತೀನಿ" ಎಂದಳು ಗಂಗಾಂಬಿಕಾ.

ಕಿತ್ತ ಹುರುಳಿ ಬಳ್ಳಿಯನ್ನು ರಸ್ತೆಗೆ ಹರವಿ, ಓಡಾಡುವ ಗಾಡಿಗಳಿಂದಲೇ ಒಕ್ಕಿಸಿಕೊಳ್ಳುವುದು ನಮ್ಮ ಕಡೆಯ ರೂಢಿ. ಎಮ್ಮಿಗನೂರು ಅವಳ ತವರು ಬೇರೆ. ಆದರೆ ಬಾಂಬಿಗೆ ಹೆದರದ ರಣಭೈರವ ಹುರುಳಿಗೆ ಹೆದರುವುದೆ? ನಗುತ್ತಲೇ ಬಳ್ಳಿಯ ಮೇಲೆ ಗಾಡಿ ಹತ್ತಿಸಿದೆ.

ಅಂಜಲಿ ದಾಳ ಉರುಳಿಸಿ ನನ್ನತ್ತ ಕನಿಕರದಿಂದ ನೋಡಿದಳು. "ಅಪ್ಪಾ, ಬಳ್ಳಿ ಎಲ್ಲಾ ಆಕ್ಸಲ್‌ಗೆ ಸುತ್ಕೊಂಡೈತಿ. ಹೊಗಿ ಬರಾಕತ್ತೈತಿ."

ಇದನ್ನು ಯೋಚಿಸಬೇಕಿತ್ತು. ಕಳೆದ ಸುಗ್ಗಿಯಲ್ಲಿ ನಮ್ಮ ಕಾರಿಗೂ ಅಲ್ಲೇ ಹೀಗೇ ಆಗಿತ್ತು. ಉಕ್ಕಿನ ಬಾಗಿಲು ತೆರೆದು, ಸಾಕ್ಷಾತ್ ಸಾಹೇಬನೇ ಇಳಿದು ಗಾಡಿಯಡಿ ತೆವಳಬೇಕಾಯಿತು. ಬಳ್ಳಿ ಬಿಡಿಸಿ ಎದ್ದು ನಿಲ್ಲುವಷ್ಟರಲ್ಲಿ ಕಳ್ಳಿ ಸ್ಟೇರಿಂಗ್ ಹಿಡಿದು ಕೂತಿದ್ದಳು. ನನ್ನ ರಣಭೈರವ ನನಗೇ ಧೂಳು ತಿನ್ನಿಸಿ ಬಳ್ಳಾರಿಗೆ ಹೋಯಿತು.

ಹೊಟ್ಟೆ ಉರಿಯಿತು, ನಿಜ. ಆದರೆ ಇಂಥ ತಲೆಯಿರುವವಳ ಗಂಡ ನಾನೆಂದು ಹೆಮ್ಮೆಯೂ ಆಯಿತು. ಅದನ್ನು ಬಾಯಿಬಿಟ್ಟು ಹೇಳಿ, ಜೀಪಿನ ಮಾತು ನುಂಗಿಕೊಂಡು ಊಟಕ್ಕೆ ಕುಳಿತೆ.

ಅವಳು ರೊಟ್ಟಿ ಹಾಕುತ್ತ ಮೆಲ್ಲಗೆ ಹೇಳಿದಳು: "ಜೀಪ್ ತಗೊಂಡ್ಬಿಡ್ರಿ. ಅಂಥಾ ಗಾಡಿ ಓಡ್ಸೋದು ಭಾಳ ಚಲೋ ಅನಿಸ್ತು ನನಗ."

ತಗೊಂಡೆ. ಈ ಸುಗ್ಗಿಯಲ್ಲಿ ಎಮ್ಮಿಗನೂರಿನ ಅತ್ತೆಯ ಕಣದಲ್ಲಿ ಹುರುಳಿ ಒಕ್ಕುತ್ತಿರುವುದು ನನ್ನ ಜೀಪೇ. ಗಂಗಾಂಬಿಕಾ ಓಡಿಸುವ ಠೀವಿ ನೋಡಲು ಅರ್ಧ ಊರು ಬಂದು ನಿಲ್ಲುತ್ತದೆ. ನನಗೂ ನೋಡಿದಷ್ಟು ಸಾಲದು. ನಾಲ್ಕಾರು ಸುತ್ತಿಗೊಮ್ಮೆ ಗಾಡಿ ನಿಲ್ಲಿಸಿ, ಪಕ್ಕದಲ್ಲಿ ಕೂತ ನನ್ನತ್ತ ತಿರುಗುತ್ತಾಳೆ.

"ಸಾಹೇಬ್ರ, ಇಳೀರಿ."

ನಾನು ಇಳಿದು, ಜೀಪಿನಡಿ ತೆವಳಿ, ಬಳ್ಳಿ ಬಿಡಿಸುತ್ತೇನೆ. ಎದ್ದು ಮೈ ಕೊಡವಿಕೊಳ್ಳುವಷ್ಟರಲ್ಲಿ ಅವಳು ಹೊರಟುಹೋಗಿರುತ್ತಾಳೆ.