ತಾತನ ಪದ್ಯದ ಚಕ್ಕುಬಂದಿ

ಇದರಲ್ಲಿ ಅರ್ಧದಷ್ಟನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಉಳಿದರ್ಧ ನಮ್ಮ ದೊಡ್ಡಪ್ಪ ಹೇಳಿದ್ದು. ಹಾಗಾಗಿ ಅದಕ್ಕೂ ಖಾತ್ರಿ ಇಲ್ಲ! ಎರಡನೇ ಮಹಾಯುದ್ಧಕ್ಕೆ ಮುಂಚೆ ದೇಶದ ಲೇಖಕರೆಲ್ಲ ಸೇರಿ ಒಂದು ಸಂಘ ಕಟ್ಟಿದರಲ್ಲ, ಅದರ ಮೊದಲ ದಿನಗಳನ್ನು ಕಣ್ಣಾರೆ ಕಂಡು ಇನ್ನೂ ಬದುಕಿರುವವರು ದೊಡ್ಡಪ್ಪ ಒಬ್ಬರೇ. ಹಾಗೆಂದು ಹೇಳುವವರೂ ಅವರೊಬ್ಬರೇ. ಅವರು ಹುಟ್ಟಿದ್ದು ಯುದ್ಧದ ನಡುವೆ ಎಂಬುದಷ್ಟೇ ತೊಡಕು.

"ಹುಟ್ಟೋಕೆ ಮುಂಚಿಂದು ಹೆಂಗೆ ನೆನಪಿರತ್ತೆ ದೊಡ್ಡಪ್ಪ?"

"ಆಗ ನಂಗೆ ಬ್ಯಾರೆ ಕೆಲ್ಸ ಏನಿತ್ತು ಕಣಮ್ಮ? ಬರೀ ಕೇಳಿಸ್ಕೊಳ್ಳಾದೇ!"

ಎಂ.ಎ. ಮಾಡಿದವಳು ನಾನು, ಅದನ್ನೂ ಡೈರಿಯಲ್ಲಿ ಬರೆದುಕೊಂಡೆ.

ಸಂಘದ ನಮ್ಮ ಕಡೆಯ ಶಾಖೆ ಹುಟ್ಟಿದ್ದು ಎಲ್ಲಿ ಎಂದು ದೊಡ್ಡಪ್ಪನನ್ನು ಕೇಳಿದರೆ, ಆ ದಿನ ತಮಗೆ ಊಟ ಹಾಕಿದ ಊರಲ್ಲಿ. ಶಿರಾದಲ್ಲಿ ಉಂಡರೆ ಶಿರಾ, ಪಾವಗಡದಲ್ಲಿ ಉಂಡರೆ ಪಾವಗಡ. ಒಮ್ಮೆ ಗೊರವನಹಳ್ಳಿ ಬಸ್ಸಿನಲ್ಲಿ ಯಾರೋ ಪ್ರಸಾದದ ಲಾಡು ಕೊಟ್ಟರು. "ಇದೇ ಬಸ್ನಾಗೇ ಕಣ್ರೀ ಶುರುವಾಗಿದ್ದು!" ಎಂದುಬಿಟ್ಟರು.

"ಸಂಘದೋರೆಲ್ಲ ಟಿಕೆಟ್ ತಗಂಡಿದ್ರಾ ಯಜಮಾನ್ರೆ?" ಎಂದ ಕಂಡಕ್ಟರ್.

ಎಲ್ಲ ಊರಲ್ಲೂ ಬದಲಾಗದೆ ಉಳಿಯುವುದು ತಾತನ ಕಥೆ. ತಾತ ಮಧುಗಿರಿ ತಾಲ್ಲೂಕು ಕಚೇರಿ ಮುಂದೆ ಬೇವಿನ ಮರದಡಿ ಕೂತು ಜನರ ಕ್ರಯಪತ್ರ, ಭೋಗ್ಯಪತ್ರ ಬರೆದುಕೊಡುತ್ತಿದ್ದ ಪತ್ರ ಬರಹಗಾರ. "ಬರಹಗಾರರೆಲ್ಲ ಒಂದಾಗಬೇಕು" ಎಂಬ ಪ್ರಕಟಣೆ ಕಂಡು, ತಮ್ಮ ಕಸುಬಿನವರಿಗೂ ಒಂದು ಸಂಘ ಬಂತಲ್ಲ ಎಂದು ಮಸಿಕುಡಿಕೆ ಸಮೇತ ಸಭೆಗೆ ಹೋದರಂತೆ. ಅಲ್ಲಿ ಯಾರೋ "ಏನೇನು ಬರೆದಿದ್ದೀರಿ?" ಎಂದು ಕೇಳಿದರು.

"ಈ ವಾರ್ದಾಗಾ ಸ್ವಾಮಿ? ಮೂರು ಕ್ರಯ, ಒಂದು ಭೋಗ್ಯ."

ಸಭೆ ಬಿದ್ದು ಬಿದ್ದು ನಕ್ಕಿತು. ತಾತನಿಗೆ ಹಟ ಬಂದು, ಅಲ್ಲೇ ಕೂತು ಅಜ್ಜಿಯ ಮೇಲೊಂದು ಪದ್ಯ ಬರೆದರು. ಕೈಗೆ ಪಳಗಿದ್ದು ಒಂದೇ ಧಾಟಿ ತಾನೇ? ಪದ್ಯದ ಕೊನೆಗೆ ಚಕ್ಕುಬಂದಿ! ಜಮೀನಿಗೆ ಬರೆಯುವ ಹಾಗೆ ಅಜ್ಜಿಗೂ ನಾಲ್ಕು ದಿಕ್ಕಿನ ಎಲ್ಲೆ! ನಕ್ಕವರೇ ಚಪ್ಪಾಳೆ ತಟ್ಟಿ ತಾತನನ್ನು ಸಂಘಕ್ಕೆ ಸೇರಿಸಿಕೊಂಡರು. ಪದ್ಯವನ್ನು ಸಂಘದ ಪತ್ರಿಕೆಗೆಂದು ಇಟ್ಟುಕೊಂಡರು. ಅಷ್ಟರಲ್ಲಿ ಯುದ್ಧ. ಕಾಗದ ಸಿಗದೆ ಪತ್ರಿಕೆ ನಿಂತಿತು. ಬರೆದ ಹಾಳೆ ಎಲ್ಲಿ ಹೋಯಿತೋ.

ಈಗ ಸಂಘದವರು ತಮ್ಮ ಚರಿತ್ರೆಯನ್ನು ಅಚ್ಚು ಹಾಕಿಸುತ್ತಿದ್ದಾರೆ. ನಮ್ಮ ಕಡೆಯ ಪುಟಗಳು ನನ್ನ ಪಾಲಿಗೆ ಬಿದ್ದಿವೆ. ದೊಡ್ಡಪ್ಪನ ಹಟ ಒಂದೇ: "ನಮ್ಮಪ್ಪನ ಪದ್ಯ ಹಾಕ್ಬೇಕು ಕಣಮ್ಮ, ಪೂರ್ತಿ. ಚಕ್ಕುಬಂದಿ ಕಮ್ಮಿಯಾದ್ರೆ ಪತ್ರ ರಿಜಿಸ್ಟ್ರಾಗಕಿಲ್ಲ!"

"ಹಾಳೆನೇ ಇಲ್ವಲ್ಲ, ನಿಮಗೆ ಹೆಂಗೆ ಗೊತ್ತು?"

"ನಮ್ಮವ್ವ ಅಪ್ಪನ ಬಾಯಿಂದ ಕಲ್ತು, ತೊಟ್ಲು ತೂಗ್ತಾ ಇದ್ನೇ ಹಾಡ್ತಿದ್ಲು. ಬ್ಯಾರೆ ಜೋಗುಳ ಅವ್ಳಿಗೆ ಬತ್ತಿರ್ಲಿಲ್ಲ."

ನನ್ನ ನಗು ಅಲ್ಲಿಗೆ ನಿಂತಿತು. ಕಣ್ಣಾರೆ ಅಲ್ಲದಿದ್ದರೇನು, ಕಿವಿಯಾರೆ!

ಮೊನ್ನೆ ಡೈರಿ ತೆರೆದು ಅವರ ಮುಂದೆ ಕೂತೆ. ಕಣ್ಣು ಮುಚ್ಚಿ, ಇಲ್ಲದ ತೊಟ್ಟಿಲನ್ನು ಕೈಯಲ್ಲಿ ತೂಗುತ್ತ ಶುರು ಮಾಡಿದರು: "ಪೂರ್ವಕ್ಕೆ ನಿನ್ನ ನಗೆ, ಪಶ್ಚಿಮಕ್ಕೆ ನಿನ್ನ ಮುನಿಸು, ದಕ್ಷಿಣಕ್ಕೆ ಕೊರಟಗೆರೆ, ನಿನ್ನ ತೌರು..."

ಕೈ ನಿಂತಿತು. ಮತ್ತೆ ಮೊದಲಿನಿಂದ ಹೇಳಿದರು. ಮತ್ತೆ ಅಲ್ಲೇ ನಿಂತಿತು. ಒಂದು ಲಾಡಿಗೆ ಸಂಘದ ಚರಿತ್ರೆಯನ್ನೇ ಬಸ್ಸು ಹತ್ತಿಸಿದ ಮನುಷ್ಯ, ಇಲ್ಲಿ ಮಾತ್ರ ಒಂದು ಪದವನ್ನೂ ತಾವಾಗಿ ಕಟ್ಟಲಿಲ್ಲ. ಡೈರಿಯಲ್ಲಿ ನಾಲ್ಕನೆಯ ಎಲ್ಲೆಯ ಜಾಗ ಖಾಲಿ ಬಿಟ್ಟೆ.

ಮೊನ್ನೆ ಕೇಳಿದ್ದನ್ನೇ ಇವತ್ತೂ ಫೋನಿನಲ್ಲಿ ಕೇಳಿದೆ:

"ದೊಡ್ಡಪ್ಪ, ಉತ್ತರಕ್ಕೆ ಏನಿತ್ತು?"