ಲೋಕಿಕೆರೆಯ ಕಣದಲ್ಲಿ ನನ್ನ ವಿಮಾನ

ಒಂದು ವಿಷಯ ಮೊದಲೇ ಸ್ಪಷ್ಟಪಡಿಸುತ್ತೇನೆ. ಎಂಜಿನ್ ಕುದಿದದ್ದು ಎಂಜಿನ್ನಿನ ತಪ್ಪು, ನನ್ನದಲ್ಲ! ಹರಿಹರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವನು ನಾನು. ನಿವೃತ್ತನಾದ ಮೇಲೆ ಪಾರ್ಕಿನಲ್ಲಿ ಕೂತು ಮೊಣಕಾಲು ನೋವಿನ ಬಗ್ಗೆ ಮಾತಾಡುವುದು ನನ್ನಿಂದಾಗದು ಎಂದು, ದಾವಣಗೆರೆ ವಿದ್ಯಾನಗರದ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ವಿಮಾನ ಕಟ್ಟಲು ಕುಳಿತೆ. ಒಬ್ಬರೇ ಕೂರುವ ಪುಟ್ಟ ವಿಮಾನ. ನಾಲ್ಕು ವರ್ಷದಲ್ಲಿ ರೆಕ್ಕೆ, ಬಾಲ, ಚಕ್ರ, ಮುಂದಿನ ಫ್ಯಾನು ಎಲ್ಲ ಆಯಿತು. ಹಳೇ ಕಾರಿನ ಎಂಜಿನ್ನೂ ಕೂತಿತು. ಹಾರುವುದೊಂದು ಬಾಕಿ!

ಆದರೆ ಚಾಲೂ ಮಾಡಿದ ಹತ್ತೇ ನಿಮಿಷಕ್ಕೆ ಮೀಟರಿನ ಮುಳ್ಳು ಕೆಂಪು ಗೆರೆ ದಾಟಿ, ರೇಡಿಯೇಟರಿನ ನೀರು ಕೊತಕೊತ ಕುದಿಯುತ್ತಿತ್ತು. ಎಂಜಿನ್ ಮುಚ್ಚುವ ತಗಡಿನ ಮೂತಿಯಲ್ಲಿ ಗಾಳಿ ಬರಲೆಂದು ಎರಡು ತೂತು ಇಟ್ಟಿದ್ದೆ. ನಾಲ್ಕು ಮಾಡಿದೆ. ಕುದಿಯಿತು. ಆರು ಮಾಡಿದೆ. ಆಗಲೂ ಕುದಿಯಿತು! ನನ್ನ ಹೆಂಡತಿ ಗಿರಿಜಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಮೂತಿಯ ಸುತ್ತ ಒಂದು ಸುತ್ತು ಹಾಕಿದಳು.

“ರೀ, ಮುಂದೆ ಇಷ್ಟೊಂದು ತೂತು ಹೊಡದೀರಲ್ಲ, ಒಳಗ್ ಹೋದ ಗಾಳಿ ಹೊರಗ್ ಹೋಗೋದು ಎಲ್ಲಿಂದ?”

ಮೂತಿಯ ಕೆಳಭಾಗವನ್ನು ನಾನೇ ತಗಡು ಬಡಿದು ಮುಚ್ಚಿ, ಉಜ್ಜಿ, ಮೂರು ಕೋಟು ಬಣ್ಣ ಬಳಿದಿದ್ದೆ. ಮುಖ ನೋಡಿಕೊಳ್ಳುವಷ್ಟು ನುಣುಪಾಗಿತ್ತು. ಅದನ್ನು ಕೊರೆಯುವುದೇ?

“ಗಾಳಿಗೆ ದಾರಿ ಗೊತ್ತಿರ್ತೈತೆ. ನೀನ್ ಹೋಗಿ ಸಾರಿಗೆ ಒಗ್ಗರಣೆ ಹಾಕು” ಎಂದೆ. ಅನ್ನಬಾರದಿತ್ತು.

“ನೀರು ಕುದಿಸಾಕೆ ಅಡಿಗೆಮನ್ಯಾಗೆ ಗ್ಯಾಸ್ ಐತೆ, ವಿಮಾನ ಬ್ಯಾಡ. ಭಾನುವಾರದೊಳಗೆ ಇದು ಅರ್ಧ ಗಂಟೆ ಕುದೀದಂಗೆ ಓಡ್ಬೇಕು. ಇಲ್ಲಾಂದ್ರೆ ಸೋಮವಾರ ಗುಜರಿಯವನು ಬಂದು ಒಯ್ತಾನೆ. ಅವ್ನಿಗೆ ಹೇಳಾಗೈತೆ!”

ನಾಲ್ಕು ವರ್ಷ ಸಾಕಿದ ವಿಮಾನ ಕೈಗಾಡಿಯ ಮೇಲೆ ಹಳೇ ಬಕೆಟ್ಟುಗಳ ಜೊತೆ ಹೋಗುವುದೇ? ಆದರೂ ತೋರಿಸಿಕೊಳ್ಳಲಿಲ್ಲ. “ಬರ್ಲಿ! ಅವನ್ನೂ ಕೂರಿಸ್ಕೊಂಡು ಹಾರ್ತೀನಿ!” ಎಂದು ಗುಡುಗಿದೆ. ಇರುವುದು ಒಂದೇ ಸೀಟು ಎಂಬುದು ಆಮೇಲೆ ನೆನಪಾಯಿತು.

ವಿದ್ಯಾನಗರದ ಇಕ್ಕಟ್ಟಿನಲ್ಲಿ ಗಾಳಿಯೇ ಇಲ್ಲ, ಅದಕ್ಕೇ ಕುದಿಯುತ್ತದೆ ಎಂದು ನಾನು ತೀರ್ಮಾನಿಸಿದೆ. ಭಾನುವಾರ ಬೆಳಿಗ್ಗೆ ರೆಕ್ಕೆ ಬಿಚ್ಚಿಟ್ಟು, ವಿಮಾನವನ್ನು ಟ್ರ್ಯಾಕ್ಟರ್ ಟ್ರೈಲರಿಗೆ ಏರಿಸಿ, ಲೋಕಿಕೆರೆಯಲ್ಲಿರುವ ಗಿರಿಜಮ್ಮನ ತಮ್ಮ ಹಾಲಪ್ಪನ ಕಣಕ್ಕೆ ತಂದೆವು. ಬಾಲಕ್ಕೆ ಹಗ್ಗ ಬಿಗಿದು ಬೇವಿನ ಮರಕ್ಕೆ ಕಟ್ಟಿದೆ. ಗಿರಿಜಮ್ಮ ಗಡಿಯಾರ ಹಿಡಿದು ಕಲ್ಲಿನ ಮೇಲೆ ಕೂತಳು. ಎಂಜಿನ್ ಚಾಲೂ ಆಯಿತು. ಫ್ಯಾನು ತಿರುಗಿದ ರಭಸಕ್ಕೆ ಹಾಲಪ್ಪನ ಟವೆಲ್ಲು ಹಾರಿ ಕೊಟ್ಟಿಗೆ ಮೇಲೆ ಕೂತಿತು.

ಅವನ ಕಣ್ಣು ಅರಳಿದವು. “ಭಾವ! ಏನ್ ಗಾಳಿ ಅಂತೀನಿ! ಮೂರು ದಿನದಿಂದ ಗಾಳಿ ಇಲ್ದೆ ನಮ್ ತೊಗರಿ ರಾಶಿ ತೂರಾಕೇ ಆಗಿಲ್ಲ ನೋಡ್ರಿ!”

ನಾನು ಬಾಯಿ ತೆಗೆಯುವಷ್ಟರಲ್ಲಿ ಮೊರ ಹಿಡಿದು ವಿಮಾನದ ಬಾಲದ ಹಿಂದೆ ನಿಂತೇಬಿಟ್ಟ. ಕಾಳು ಕೆಳಗೆ, ಹೊಟ್ಟು ಆಚೆಗೆ! ಅದನ್ನು ಕಂಡು ಅಕ್ಕಪಕ್ಕದ ಕಣದವರೂ ಮೊರ, ಬುಟ್ಟಿ, ಚೀಲ ಹೊತ್ತು ಬಂದರು. “ಇದು ವಿಮಾನ ಕಣ್ರೀ, ದೂರ ನಿಲ್ರಿ!” ಎಂದು ಕೂಗಿದೆ. “ಇನ್ನೊಂಚೂರು ಜೋರು ಮಾಡ್ರಿ!” ಎಂದರು.

ಮಾಡಿದೆ! ಹಾರಿದ ಹೊಟ್ಟೆಲ್ಲ ಕೊಟ್ಟಿಗೆ ಗೋಡೆಗೆ ಬಡಿದು, ಸುತ್ತಿ ಮುಂದಕ್ಕೆ ಬಂದು, ನನ್ನ ಆರೂ ತೂತುಗಳೊಳಗೆ ನುಗ್ಗಿತು. ಏಳನೇ ನಿಮಿಷಕ್ಕೆ ಮುಳ್ಳು ಕೆಂಪಿಗೆ ಬಂತು. ಎಂಟನೆಯದಕ್ಕೆ ಬುಸ್ ಎಂದು ಹಬೆ ಎದ್ದಿತು. ಎಂಜಿನ್ ಆರಿಸಿದೆ. ಆರಿದ ಮೇಲೆ ಮೂತಿ ಬಿಚ್ಚಿದರೆ, ಹಾಸಿಗೆಗೆ ತುಂಬಿದಂತೆ ಹೊಟ್ಟು ಗಿಡಿದು ಕೂತಿತ್ತು.

ಗಿರಿಜಮ್ಮ ಬಗ್ಗಿ ನೋಡಿದಳು. “ಹೋದದ್ದೆಲ್ಲ ಒಳಗೇ ಐತೆ ನೋಡ್ರಿ. ಹೊಟ್ಟಿಗೇ ಹೊರಗೆ ದಾರಿ ಸಿಕ್ಕಿಲ್ಲ, ಗಾಳಿಗೆ ಸಿಗ್ತೈತಾ?”

ಇಡೀ ಕಣ ನನ್ನ ಮುಖ ನೋಡುತ್ತಿತ್ತು. “ಇದನ್ನ ಕೊರೀಬೇಕು ಅಂತ ನಾನು ಮೊದ್ಲೇ ಅನ್ಕೊಂಡಿದ್ದೆ” ಎಂದು ಗಂಭೀರವಾಗಿ ಘೋಷಿಸಿ, ಮೂರು ಕೋಟು ಬಣ್ಣದ ಆ ತಗಡನ್ನು ಕತ್ತರಿಸಿದೆ. ಮೂತಿಯ ಕೆಳಗೆ ಊಟದ ತಟ್ಟೆಯಷ್ಟು ಅಗಲ ಬಾಯಿ ತೆರೆಯಿತು. ಹೊಟ್ಟು ತೆಗೆದು, ಹೊಸ ನೀರು ತುಂಬಿ, ಮತ್ತೆ ಚಾಲೂ ಮಾಡಿದೆ. ಹತ್ತು ನಿಮಿಷ. ಇಪ್ಪತ್ತು. ಮೂವತ್ತು! ಮುಳ್ಳು ಅರ್ಧದಿಂದ ಮೇಲೇಳಲಿಲ್ಲ. ಯಾರೂ ನಿಲ್ಲಿಸಲು ಬಿಡಲಿಲ್ಲ, ಅವರ ತೊಗರಿ ಇನ್ನೂ ಬಾಕಿ ಇತ್ತು. ಒಂದೂವರೆ ಗಂಟೆ ಓಡಿಸಿದೆ. ಗಿರಿಜಮ್ಮ ಅಲ್ಲಿಂದಲೇ ಗುಜರಿಯವನಿಗೆ ಫೋನ್ ಮಾಡಿ ಬರಬೇಡ ಎಂದಳು. ನನಗೆ ಕಣ್ಣು ತುಂಬಿ ಬಂತು. ಹೊಟ್ಟು ಬಿದ್ದಿದೆ ಎಂದೆ.

ಮರುದಿನ ಬೆಳಿಗ್ಗೆ ಮನೆಯ ಶೆಡ್ಡಿನಲ್ಲಿ ರೆಕ್ಕೆ ಜೋಡಿಸುತ್ತಿದ್ದಾಗ ಫೋನ್ ಬಂತು. ಗಿರಿಜಮ್ಮ ಎತ್ತಿದಳು.

“ಯಾರು? ಕಡರನಾಯಕನಹಳ್ಳಿಯವ್ರಾ? ಹೌದ್ರಿ, ತೂರೋ ಮಷಿನ್ನಿನವ್ರ ಮನೇನೇ. ನಾಳೆ ಕಳಿಸ್ತೀನ್ರಿ. ಡ್ರೈವರಿಗೆ ಊಟ ಮಾತ್ರ ನೀವೇ ಹಾಕ್ಬೇಕ್ರಿ.”

ಡ್ರೈವರ್! ನನ್ನ ರಕ್ತ ಕುದಿಯಿತು. “ಇದು ವಿಮಾನ! ನಾನು ಪೈಲಟ್! ಯಾವ ಕಣಕ್ಕೂ ಇನ್ನು ಕಾಲಿಡಲ್ಲ, ತಿಳ್ಕೊ!” ಎಂದು ಬೀದಿಗೆ ಕೇಳುವಂತೆ ಅಬ್ಬರಿಸಿದೆ.

“ಪೈಲಟ್ ಅಂತ ಅಲ್ಲಿ ಹೋಗಿ ಹೇಳ್ಬ್ಯಾಡ್ರಿ ಮತ್ತೆ. ನಂಬಾಕಿಲ್ಲ, ಊಟಾನೂ ಹಾಕಾಕಿಲ್ಲ.”

ಮಾರನೇ ದಿನ ಅಲ್ಲಿ ನಾನು ಹೇಳಲಿಲ್ಲ. ಶೇಂಗಾ ಹೋಳಿಗೆ ಮಾಡಿದ್ದರು.